ಬಾವಿಯಲ್ಲಿ ಸಿಕ್ಕ ಹರಳು

ಕಲ್ಲು ನೋಡುವ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಈಗಲೂ ಕೆಲವೊಮ್ಮೆ ಫೋನ್ ಮಾಡಿ, ಯಾವ ಯಂತ್ರ ಕಲಿತರೆ ಒಳ್ಳೆಯದು ಎಂದು ಕೇಳುತ್ತಾರೆ. ಯಂತ್ರ ಯಾವುದಾದರೂ ಆಗಲಿ, ಯಾರಾದರೂ ಪಕ್ಕದಲ್ಲಿ ನಿಂತು ತೋರಿಸಿದರೆ ಕೆಲವೇ ದಿನಗಳಲ್ಲಿ ಬರುತ್ತದೆ. ಸುಮ್ಮನೆ ಕೂತು ನೋಡುವುದು ಬರಬೇಕಾದರೆ ವರ್ಷಗಳು ಬೇಕು. ಆ ವರ್ಷಗಳಲ್ಲಿ ನೀವು ಬೇರೆಯವರ ಕಣ್ಣಿಗೆ ಸೋಮಾರಿಗಳ ಹಾಗೆ ಕಾಣುತ್ತೀರಿ. ನಾನಂತೂ ಕಂಡೆ, ನಮ್ಮ ಮನೆಯ ಯಜಮಾನರ ಕಣ್ಣಿಗೂ.

ನಾನು ಕೆಲಸ ಮಾಡಿದ್ದು ನ್ಯೂಜೆರ್ಸಿಯ ಉತ್ತರ ಭಾಗದ ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ. ಅಲ್ಲಿನ ಗುಡ್ಡಗಳೆಲ್ಲ ಕರಿಕಲ್ಲಿನವು. ಡೈನೋಸಾರ್‌ಗಳ ಕಾಲದಲ್ಲಿ ನೆಲ ಬಿರಿದು ಉಕ್ಕಿದ ಲಾವಾ ತಣಿದು ಬಸಾಲ್ಟ್ ಆಯಿತು. ತಣಿಯುವಾಗ ಒಳಗಿದ್ದ ಗಾಳಿಯ ಗುಳ್ಳೆಗಳು ಹೊರಗೆ ಹೋಗಲಾರದೆ ಅಲ್ಲೇ ಸಿಕ್ಕಿಕೊಂಡು ಪೊಟರೆಗಳಾದವು. ಎಷ್ಟೋ ಕಾಲದ ಮೇಲೆ ಬಿಸಿನೀರು ಆ ಪೊಟರೆಗಳಿಗೆ ಇಳಿದು, ಕಲ್ಲಿನ ಸತ್ವವನ್ನೇ ಕರಗಿಸಿಕೊಂಡು ಬಂದು, ಕತ್ತಲಲ್ಲಿ ಹರಳು ಕಟ್ಟಿತು. ರಸ್ತೆಗೆ ಜಲ್ಲಿ ಬೇಕೆಂದು ಕ್ವಾರಿಯವರು ಗುಡ್ಡ ಸಿಡಿಸಿದಾಗ ಅಂಥ ಪೊಟರೆಗಳು ಬಾಯಿ ತೆರೆಯುತ್ತಿದ್ದವು. ಅದರೊಳಗಿನ ಹರಳು ಯಾವುದು ಎಂದು ಗುರುತಿಸುವುದು ನನ್ನ ಕೆಲಸ.

ಮೊದಲ ಬಾರಿ ಒಂದು ಪೊಟರೆಯನ್ನು ನನ್ನ ಕೈಯಲ್ಲೇ ಒಡೆದದ್ದು ಚೆನ್ನಾಗಿ ನೆನಪಿದೆ. ಸುತ್ತಿಗೆಯ ಒಂದು ಪೆಟ್ಟಿಗೆ ಕಲ್ಲು ಎರಡು ಹೋಳಾಯಿತು. ಒಳಗೆ ಪ್ರೀನೈಟ್ ಎಂಬ ತೆಳು ಹಸಿರು ಹರಳಿನ ಗೊಂಚಲು, ಅದರ ಮೇಲೆ ಅಲ್ಲಲ್ಲಿ ಬಿಳಿಯ ಸೂಜಿಗಳು. ಕೋಟಿಗಟ್ಟಲೆ ವರ್ಷ ಅದು ಅಲ್ಲಿತ್ತು, ಯಾರೂ ನೋಡಿರಲಿಲ್ಲ, ಬೆಳಕೂ ತಾಗಿರಲಿಲ್ಲ. ಮೊದಲು ಬಿದ್ದ ಬೆಳಕು ಆ ಮಧ್ಯಾಹ್ನದ್ದು, ಮೊದಲು ನೋಡಿದ ಕಣ್ಣು ಮೈಸೂರಿನ ಒಬ್ಬ ಹುಡುಗಿಯದು. ನನಗೆ ನಾಚಿಕೆಯಾದಂತಾಗಿ ಎರಡು ಹೋಳನ್ನೂ ಮತ್ತೆ ಜೋಡಿಸಿ ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಎಷ್ಟು ಸಾವಿರ ಕಲ್ಲು ಒಡೆದರೂ ಆ ಭಾವನೆ ಪೂರ್ತಿ ಹೋಗಲಿಲ್ಲ. ಸಂಜೆ ಮನೆಗೆ ಡ್ರೈವ್ ಮಾಡುವಾಗ ಹೆದ್ದಾರಿಯ ಎರಡೂ ಬದಿಗೆ ಕಡಿದ ಕರಿಬಂಡೆ ಮಳೆಯಲ್ಲಿ ನೆನೆದು ನಿಂತಿರುತ್ತಿತ್ತು. ಅದರ ಒಳಗೆಲ್ಲ ಮುಚ್ಚಿದ ಕೋಣೆಗಳಿವೆ, ಕೋಣೆಗಳಲ್ಲಿ ಏನೇನೋ ಇದೆ ಎಂದುಕೊಂಡು ಹೋಗುತ್ತಾ ನಾನು ಇಳಿಯಬೇಕಾದ ಎಕ್ಸಿಟ್ ತಪ್ಪಿಸಿಕೊಂಡದ್ದು ಅದೆಷ್ಟು ಸಲವೋ.

ನನ್ನ ಮೇಲಧಿಕಾರಿ ಕೋವಾಲ್ ಎಂಬ ಮುದುಕ. ಮಾತು ಕಡಿಮೆ, ಮುಖ ಸದಾ ಗಂಟು. ಅವರದೊಂದು ಕಟ್ಟುನಿಟ್ಟಾದ ನಿಯಮವಿತ್ತು: ಹರಳನ್ನು ಕೈಗೆ ತೆಗೆದುಕೊಂಡ ಮೊದಲ ಅರ್ಧ ಗಂಟೆ ಅದರ ಹೆಸರು ಹೇಳಕೂಡದು. ಏನು ಕಾಣಿಸುತ್ತದೆ ಎಂದಷ್ಟೇ ಹೇಳಬೇಕು. ಎಷ್ಟು ಮುಖಗಳಿವೆ, ಅಂಚು ಚೂಪೋ ಮೊಂಡೋ, ಹೊಳಪು ಗಾಜಿನದೋ ಮುತ್ತಿನದೋ, ಯಾವುದರ ಮೇಲೆ ಯಾವುದು ಕೂತಿದೆ. "ಹೆಸರು ಸಿಕ್ಕಿದ ಕ್ಷಣ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ" ಎನ್ನುತ್ತಿದ್ದರು. ಹೊಸದರಲ್ಲಿ ನನಗೆ ಇದು ಮುದುಕನ ಕಿರಿಕಿರಿ ಅನಿಸಿತ್ತು. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವಳು ನಾನು. ಹೆಸರು ನಾಲಗೆಯ ತುದಿಯಲ್ಲೇ ಇರುತ್ತಿತ್ತು. ತುಟಿ ಕಚ್ಚಿಕೊಂಡು ಗಡಿಯಾರ ನೋಡುತ್ತಿದ್ದೆ.

ಇಷ್ಟೆಲ್ಲ ಹೇಳುವ ಕೋವಾಲ್ ಕೂಡ ಒಮ್ಮೆ ದೊಡ್ಡ ಎಡವಟ್ಟು ಮಾಡಿಕೊಂಡರು. ಒಂದು ಅಪರೂಪದ ಕಲ್ಲಿನಲ್ಲಿ ನೇಟ್ರೊಲೈಟ್ ಎಂಬ ಬಿಳಿ ಸೂಜಿಗಳ ಮೇಲೆ ಕ್ಯಾಲ್ಸೈಟ್ ಕವಿದುಕೊಂಡಿತ್ತು. ಕ್ಯಾಲ್ಸೈಟ್ ಎಂದರೆ ಸುಣ್ಣದ ಹರಳು, ಆಮ್ಲ ಬಿದ್ದರೆ ನೊರೆ ಎದ್ದು ಕರಗುತ್ತದೆ. ಅದನ್ನು ಕರಗಿಸಿ ಸೂಜಿಗಳನ್ನು ಹೊರತೆಗೆಯೋಣವೆಂದು ಇವರು ಕಲ್ಲನ್ನು ಆಮ್ಲದಲ್ಲಿ ನೆನೆಹಾಕಿ ಯಾವುದೋ ಮೀಟಿಂಗಿಗೆ ಹೋಗಿ ಮರೆತರು. ವಾಪಸು ಬಂದು ನೋಡಿದರೆ ಕ್ಯಾಲ್ಸೈಟೂ ಇಲ್ಲ, ಸೂಜಿಗಳೂ ಇಲ್ಲ. ಬಟ್ಟಲ ತುಂಬ ಗಂಜಿ. ನೇಟ್ರೊಲೈಟ್ ಆಮ್ಲಕ್ಕೆ ಗಂಜಿಯಾಗುತ್ತದೆಂದು ಪಾಠ ಮಾಡುತ್ತಿದ್ದವರೇ ಅವರು. ಅವತ್ತು ಊಟಕ್ಕೂ ಬರದೆ ಆ ಬಟ್ಟಲ ಮುಂದೆ ಕೂತಿದ್ದರು. ನಾನು ಒಂದು ಲೋಟ ಚಹಾ ಇಟ್ಟು ಬಂದೆ. ನಮ್ಮಿಬ್ಬರ ಸ್ನೇಹ ಶುರುವಾದದ್ದು ಅಲ್ಲಿಂದ ಎನ್ನಬೇಕು.

ಹೀಗೆ ಕನಸಿನಲ್ಲಿ ನಡೆದ ಹಾಗೆ ದಿನಗಳು ಹೋಗುತ್ತಿರುವಾಗಲೇ ಹೊರಗೆ ಸಾಫ್ಟ್‌ವೇರ್ ಕಾಲ ಬಂತು. ಎರಡು ಸಾವಿರದ ಇಸವಿ ಹತ್ತಿರವಾಗುತ್ತಿತ್ತು. ಕಂಪ್ಯೂಟರ್‌ಗಳಿಗೆಲ್ಲ ತಾರೀಖು ಸರಿಮಾಡಬೇಕೆಂದು ನಮ್ಮೂರುಗಳಿಂದ ಎಳೆಯರು ಬಂದಿಳಿದರು. ಹಬ್ಬಕ್ಕೆಂದು ಕನ್ನಡದವರು ಸೇರಿದ ಕಡೆಯಲ್ಲೆಲ್ಲ ಪ್ರಾಜೆಕ್ಟು, ವೀಸಾ, ಗ್ರೀನ್ ಕಾರ್ಡು, ಸ್ಟಾಕ್ ಇವೇ ಮಾತು. ನನಗೆ "ಕಲ್ಲು ಆಂಟಿ" ಎಂದು ಹೆಸರು ಬಿತ್ತು. "ಆಂಟಿ, ರಾಕ್ಸ್‌ನಲ್ಲಿ ಏನ್ ಸ್ಕೋಪ್ ಇದೆ? ಎರಡು ತಿಂಗಳು ಕೋರ್ಸ್ ಮಾಡಿ, ನಮ್ಮ ಕಡೆ ಬಂದ್ಬಿಡಿ" ಎಂದು ಪಾಪ, ಕಾಳಜಿಯಿಂದಲೇ ಹೇಳುತ್ತಿದ್ದರು. ನಮ್ಮ ವಿಭಾಗಕ್ಕೂ ಕಂಪ್ಯೂಟರ್ ಜೋಡಿಸಿದ ಎಕ್ಸ್-ರೇ ಯಂತ್ರ ಬಂತು. ಹಿಂದೆ ಫಿಲ್ಮ್ ತೊಳೆದು, ಗೆರೆಗಳ ನಡುವಿನ ಅಂತರ ಅಳೆದು, ಪಟ್ಟಿ ಹುಡುಕಿ ಮಾಡುತ್ತಿದ್ದ ಕೆಲಸ. ಈಗ ಹರಳನ್ನು ಚೂರು ಪುಡಿ ಮಾಡಿ ಒಳಗಿಟ್ಟರೆ ಹೆಸರು ತಾನೇ ಪರದೆಯ ಮೇಲೆ ಬರುತ್ತಿತ್ತು. ನನಗೂ ಅದು ಇಷ್ಟವೇ ಆಯಿತು, ಸುಳ್ಳು ಯಾಕೆ ಹೇಳಲಿ. ಕೋವಾಲ್ ಮಾತ್ರ ಆ ಕೋಣೆಗೆ ಕಾಲಿಡಲಿಲ್ಲ.

ಆ ದಿನಗಳಲ್ಲೇ ಒಂದು ಶುಕ್ರವಾರ ಸುಜಾತಾ ಫೋನ್ ಮಾಡಿದಳು. ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಗಂಡನನ್ನು ಕಂಪನಿಯವರು ಕ್ಯಾಲಿಫೋರ್ನಿಯಾದ ಪ್ರಾಜೆಕ್ಟಿಗೆ ಕಳಿಸಿದ್ದರು. ಇಲ್ಲಿ ಇದ್ದದ್ದು ಅವಳು, ಅವಳ ಅತ್ತೆ ಗಂಗಾಬಾಯಿ. ನಗುತ್ತಲೇ ಮಾತಾಡುವವಳ ದನಿ ಅವತ್ತು ಕುಗ್ಗಿತ್ತು.

"ಆಂಟಿ, ನಮ್ಮನೇಲಿ ಒಂದು ಸ್ಫಟಿಕದ ಲಿಂಗ ಇದೆ. ಅತ್ತೆಯವರ ಮಾವ ವಿಜಾಪುರದಲ್ಲಿ ಬಾವಿ ತೋಡಿಸ್ವಾಗ ಬಂಡೆ ಒಳಗೆ ಸಿಕ್ಕಿದ್ದಂತೆ. ಮಾವನೋರು ಇರೋ ತನಕ ಅವರೇ ಪೂಜೆ ಮಾಡ್ತಿದ್ರು. ಅವರು ಹೋದ್ಮೇಲೆ ಅತ್ತೆ ಅದನ್ನ ಮಡಿಲಲ್ಲಿ ಇಟ್ಕೊಂಡು ಫ್ಲೈಟ್‌ನಲ್ಲಿ ಬಂದ್ರು. ಇಲ್ಲಿಗೆ ಬಂದ್ಮೇಲೆ ಅದು ದಿನೇ ದಿನೇ ಮಂಕಾಗ್ತಿದೆ ಆಂಟಿ. ಮೊದಲು ನೀರಿನ ಥರ ಕ್ಲಿಯರ್ ಆಗಿತ್ತು."

"ಅದಕ್ಕೆ?"

"ಸ್ಫಟಿಕ ಮಂಕಾಗಲ್ಲ, ದೇವರು ಮುಖ ತಿರುಗಿಸಿದಾರೆ ಅಂತಾರೆ ಅತ್ತೆ. ನಾನು ಬೆಳಗ್ಗೆ ದೀಪ ಹಚ್ಚೋ ಮುಂಚೆ ಟ್ರೈನ್ ಹಿಡೀತೀನಿ, ಬರೋ ಹೊತ್ತಿಗೆ ಕತ್ತಲೆ. ದೇವರಿಗೆ ಸೊಸೆ ಇಲ್ಲದ ಮನೆ ಆಗೋಯ್ತು ಅಂತ ಅವರಿಗೆ. ವಾಪಸ್ ಹೋಗ್ತೀನಿ ಅಂತ ಬ್ಯಾಗ್ ತುಂಬಿಟ್ಟಿದಾರೆ. ನಂಗೂ ಸಾಕಾಯ್ತು. ಮಂಡೇ ಮ್ಯಾನೇಜರ್‌ಗೆ ಹೇಳಿ ಕೆಲಸ ಬಿಟ್ಬಿಡ್ತೀನಿ. ಅದಕ್ಕೆ ಮುಂಚೆ ಒಂದ್ಸಲ ನೀವು ನೋಡಿ."

ಆಗ ಒಮ್ಮೆ ಕೆಲಸ ಬಿಟ್ಟರೆ ಕೆಲಸದ ವೀಸಾ ಹೋದ ಹಾಗೆಯೇ. ಮತ್ತೆ ಸಿಗುವುದು ಸುಲಭವಿರಲಿಲ್ಲ. ಆ ಕೆಲಸವನ್ನು ಅವಳು ಎಷ್ಟು ಪ್ರೀತಿಸುತ್ತಿದ್ದಳೆಂದೂ ನನಗೆ ಗೊತ್ತಿತ್ತು. ನಾಳೆ ಕರೆದುಕೊಂಡು ಬಾ ಎಂದೆ.

ಶನಿವಾರ ಕಾಲೇಜು ಖಾಲಿ. ಅತ್ತೆ ಸೊಸೆ ಬಂದಾಗ ಮಧ್ಯಾಹ್ನದ ಬಿಸಿಲು ನನ್ನ ಮೇಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಗಂಗಾಬಾಯಿ ಇಳಕಲ್ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ ಹಾಕಿಕೊಂಡಿದ್ದರು. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಒಬ್ಬರೇ ಕೂತು ಬಂದಿದ್ದರು, ದಾರಿಯುದ್ದಕ್ಕೂ ಇಬ್ಬರಲ್ಲಿ ಮಾತಿಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಎದೆಗವಚಿಕೊಂಡಿದ್ದ ಸ್ಟೀಲ್ ಡಬ್ಬಿಯನ್ನು ತೆಗೆದು, ರೇಷ್ಮೆ ವಸ್ತ್ರ ಬಿಚ್ಚಿ, ದೇವರನ್ನು ಮೇಜಿನ ಮೇಲೆ ಇಟ್ಟರು.

"ಬಾಯಾರ, ನೋಡ್ರಿ. ಆದ್ರ ಒಂದು ಮಾತು. ನಮ್ಮ ದೇವರಿಗೆ ಗಾಯ ಮಾಡಬ್ಯಾಡ್ರಿ."

ಅಂಗೈಗೆ ಹಿಡಿಯುವಷ್ಟು ಎತ್ತರದ, ಮೇಲೆ ಕಿರಿದಾಗುತ್ತ ಹೋದ ಹರಳು. ತೆಳುವಾದ ಮಂಜು ಕವಿದ ಹಾಗೆ ಮೈಯೆಲ್ಲ ಬೆಳ್ಳಗಾಗಿತ್ತು. ನನ್ನ ಕೈಯಲ್ಲಿ ಇದ್ದದ್ದು ಮೂರು ದಾರಿ. ಚಾಕುವಿನಿಂದ ಗೀರಿ ಗಟ್ಟಿತನ ನೋಡುವುದು, ಒಂದು ಹನಿ ಆಮ್ಲ ಹಾಕುವುದು, ಚೂರು ಪುಡಿ ಮಾಡಿ ಹೊಸ ಯಂತ್ರಕ್ಕೆ ಕೊಡುವುದು. ಮೂರೂ ಗಾಯವೇ. ಕೊನೆಗೆ ಉಳಿದದ್ದು ಕೋವಾಲ್ ಅವರ ಅರ್ಧ ಗಂಟೆ.

ಕೂತು ನೋಡಿದೆ. ನಿಜವಾದ ಸ್ಫಟಿಕಕ್ಕೆ ಆರು ಬದಿಗಳಿದ್ದು, ಬದಿಯ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ. ಇದರಲ್ಲಿ ಗೆರೆಗಳಿಲ್ಲ. ಬುಡ ಮುರಿದ ಜಾಗದಲ್ಲಿ ಕತ್ತರಿಸಿದಂತೆ ನಯವಾದ, ಓರೆಯಾದ ಮುಖವಿತ್ತು. ಸ್ಫಟಿಕ ಹಾಗೆ ಮುರಿಯುವುದಿಲ್ಲ. ಹೆಸರು ನಾಲಗೆಯ ತುದಿಗೆ ಬಂತು. ಈ ಬಾರಿ ಅದನ್ನು ಹೇಳಲು ನನಗೇ ಭಯವಾಯಿತು. ಮೂರು ತಲೆಮಾರು ಸ್ಫಟಿಕವೆಂದು ಕೈಮುಗಿದ ಮನೆಗೆ ಇದು ಸ್ಫಟಿಕವೇ ಅಲ್ಲ ಎಂದರೆ ಆ ಮುದುಕಿಗೆ ಉಳಿಯುವುದೇನು? ಸುಜಾತಾ ಕಿಟಕಿಯ ಬಳಿ ನಿಂತು ಪಾರ್ಕಿಂಗ್ ಲಾಟ್ ನೋಡುತ್ತಿದ್ದಳು.

"ಅಮ್ಮಾ, ಇವರನ್ನ ಸ್ವಲ್ಪ ಮಲಗಿಸಬಹುದಾ?" ಎಂದು ಕೇಳಿದೆ.

"ಮಲಗಸ್ರಿ. ಮಧ್ಯಾಹ್ನ ಆತಲ್ಲ, ಅವರಿಗೂ ದಣಿವು ಇರ್ತದ."

ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು, ಅದರ ಮೇಲೆ ಹರಳನ್ನು ಮಲಗಿಸಿದೆ. ಮಂಕಿನಲ್ಲಿ ಏನೂ ಕಾಣಲಿಲ್ಲ. "ನೀವೇ ಸ್ವಲ್ಪ ನೀರು ಹಾಕಿ" ಎಂದೆ. ಅವರು ತಂದಿದ್ದ ಪುಟ್ಟ ಗಿಂಡಿಯಿಂದ, ತುಟಿಯಲ್ಲಿ ಏನೋ ಹೇಳಿಕೊಳ್ಳುತ್ತ, ಧಾರೆಯಾಗಿ ನೀರೆರೆದರು.

ಒರಟಾದ ಮೈಗೆ ನೀರು ತುಂಬಿಕೊಂಡರೆ ಬೆಳಕು ನೇರವಾಗಿ ದಾಟುತ್ತದೆ. ಇದು ಪುಸ್ತಕದಲ್ಲಿ ಓದಿದ ಮಾತು, ನೂರಾರು ಸಲ ಕಂಡ ಸಂಗತಿ. ಆದರೂ ಆ ಮಂಜು ಕರಗಿ ಹರಳು ಒಂದೇ ಸಲಕ್ಕೆ ತಿಳಿಯಾದಾಗ ನನ್ನ ಮೈ ಜುಮ್ಮೆಂದಿತು. ಕೋಣೆಯ ಬಿಸಿಲೆಲ್ಲ ಅದರೊಳಗೆ ಹೋಗಿ ಕೂತಂತಿತ್ತು. ಗಂಗಾಬಾಯಿ ಗಿಂಡಿ ಹಿಡಿದ ಕೈಯನ್ನು ಹಾಗೇ ಮೇಲೆ ಹಿಡಿದು ನಿಂತುಬಿಟ್ಟರು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಹಿಂಗ ಇದ್ದರು ನೋಡ್ರಿ. ಹಿಂಗ ಇದ್ದರು," ಎಂದರು.

"ಒಳಗೆ ಬಗ್ಗಿ ನೋಡಿ ಅಮ್ಮಾ. ಎಷ್ಟು ಚುಕ್ಕಿ ಇದೆ?"

ಅವರು ಬಗ್ಗಿದರು. "ಎರಡು."

"ನಾನು ಇಟ್ಟದ್ದು ಒಂದೇ. ಈಗ ಇವರನ್ನ ಮೆಲ್ಲಗೆ ತಿರುಗಿಸಿ ನೋಡಿ."

ತಿರುಗಿಸಿದಂತೆ ಒಂದು ಚುಕ್ಕಿ ನಿಂತಲ್ಲೇ ನಿಂತಿತು, ಇನ್ನೊಂದು ಅದರ ಸುತ್ತ ಪ್ರದಕ್ಷಿಣೆ ಹಾಕಿತು. ಮುದುಕಿ ಮತ್ತೆ ಮತ್ತೆ ತಿರುಗಿಸಿ ನೋಡಿದರು. ಸುಜಾತಾಳೂ ಕಿಟಕಿ ಬಿಟ್ಟು ಹತ್ತಿರ ಬಂದು ನಿಂತಳು. ನಮ್ಮ ಮೂವರ ತಲೆಗಳೂ ಆ ಹರಳಿನ ಮೇಲೆ ಬಗ್ಗಿದ್ದವು. ಎಷ್ಟು ಹೊತ್ತು ಹಾಗೆ ಇದ್ದೆವೋ ತಿಳಿಯದು. ನನ್ನ ವೃತ್ತಿಯಲ್ಲಿ ಅಷ್ಟು ಸುಖವಾಗಿ ಕಳೆದ ಹೊತ್ತು ಹೆಚ್ಚಿಲ್ಲ.

ನೀರು ಆರಿತು, ಮಂಕು ಮರಳಿತು. ಇನ್ನು ಹೇಳದೆ ವಿಧಿಯಿರಲಿಲ್ಲ.

"ಅಮ್ಮಾ, ಒಂದು ಚುಕ್ಕಿಯನ್ನ ಎರಡು ಮಾಡಿ ತೋರಿಸೋ ಶಕ್ತಿ ಸ್ಫಟಿಕಕ್ಕೆ ಇಲ್ಲ. ಇದು ಸುಣ್ಣದ ಹರಳು. ಕರಿಬಂಡೆಯ ಒಳಗೆ ನೀರು ಇಳಿದು ಇಳಿದು ಆಗಿದ್ದು. ಕ್ಯಾಲ್ಸೈಟ್ ಅಂತೀವಿ ನಾವು."

ಅವರು ಹರಳಿನ ಮೈಯನ್ನು ಬೆರಳಿನಿಂದ ಸವರಿದರು.

"ಸುಣ್ಣ," ಎಂದರು ಕೊನೆಗೆ. "ಖರೇ ಇರಬೇಕ್ರಿ. ನಮ್ಮ ಬಾವಿ ನೀರು ಭಾಳ ಸುಣ್ಣ ಸುಣ್ಣ. ಬ್ಯಾಳಿ ಬೇಯ್ತಿದ್ದಿಲ್ಲ. ನಮ್ಮತ್ತಿಯವರು ದಿನಾ ಬೈತಿದ್ರು, ಈ ನೀರಿಗೆ ಏನಾಗೇದ ಅಂತ." ಹರಳಿನತ್ತ ನೋಡಿ, "ಅದ ನೀರು ಇಲ್ಲಿ ದೇವರಾಗಿ ಕೂತದ," ಎಂದರು. ಅವರ ಮುಖದಲ್ಲಿ ನಾನು ಹೆದರಿದ್ದ ಯಾವ ಕುಸಿತವೂ ಇರಲಿಲ್ಲ. "ಆದ್ರ ಮಂಕ ಯಾಕ ಆತ್ರಿ?"

ಸುಣ್ಣದ ಹರಳಿಗೆ ಹುಳಿ ಆಗದು, ಹುಳಿ ಬಿದ್ದಲ್ಲೆಲ್ಲ ಮೈ ಕರಗುತ್ತದೆ ಎಂದೆ. ಊರಿನಲ್ಲಿ ಪೂಜೆ ಹೇಗಿತ್ತು ಎಂದು ಕೇಳಿದೆ. ಗಂಡ ಬಾವಿಯ ನೀರೆರೆದು ಹೂವಿಡುತ್ತಿದ್ದರಂತೆ, ಅಷ್ಟೇ. ಆ ನೀರಲ್ಲೇ ಸುಣ್ಣ ತುಂಬಿದ್ದರಿಂದ ಹರಳಿನ ಮೈಯಿಂದ ಅದು ಏನನ್ನೂ ಕಸಿಯುತ್ತಿರಲಿಲ್ಲ.

"ಇಲ್ಲಿ?"

"ಇಲ್ಲಿ ನನಗ ಬ್ಯಾರೆ ಕೆಲಸ ಏನದರಿ? ದಿನಾ ಪಂಚಾಮೃತ ಮಾಡ್ತೀನಿ. ಹಾಲು, ಮೊಸರು..." ಎಂದವರು ಅಲ್ಲೇ ನಿಲ್ಲಿಸಿದರು. "ಮೊಸರು ಹುಳಿ ಅಲ್ರೀ?"

"ಹೌದಮ್ಮಾ."

ಆದರೆ ಮೊಸರೊಂದರಿಂದ ಇಷ್ಟು ಬೇಗ ಇಷ್ಟು ಮಂಕಾಗುವುದು ನನಗೆ ಅನುಮಾನವೇ. ಹರಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಬರಿಗಣ್ಣಿಗೆ ಮಂಕಾಗಿ ಕಂಡದ್ದು ಅಲ್ಲಿ ಒಂದು ದೇಶವಾಗಿತ್ತು. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಇಳಿಜಾರುಗಳು, ಮೂಲೆ ಮೂಲೆಯಲ್ಲಿ ಹೊಳೆಯುವ ಹೊಂಡಗಳು, ಎಲ್ಲದರ ಮೇಲೂ ಒಂದೇ ದಿಕ್ಕಿಗೆ ಉಜ್ಜಿದ ಗೀರುಗಳು. ಒಂದು ಬಿರುಕಿನಲ್ಲಿ ಕಂದು ಬಣ್ಣದ ಸಣ್ಣ ನಾರು ಸಿಕ್ಕಿಕೊಂಡಿತ್ತು. ಅಡಿಗೆಮನೆಯಲ್ಲಿ ಬೆಳೆದ ಯಾವ ಹೆಣ್ಣಿಗೂ ಅದು ಏನೆಂದು ಹೇಳಬೇಕಾಗಿಲ್ಲ.

ತಲೆಯೆತ್ತಿ ಸುಜಾತಾಳನ್ನು ನೋಡಿದೆ. ಅವಳ ಮುಖ ಬಿಳಿಚಿಹೋಗಿತ್ತು. ಹುಳಿ ಎಂಬ ಮಾತು ಬಂದಾಗಲೇ ಅವಳಿಗೆ ಅರ್ಥವಾಗಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ತಪ್ಪನ್ನೆಲ್ಲ ಮೊಸರಿನ ಮೇಲೆ ಹಾಕಿ ಮುಗಿಸಬಹುದಿತ್ತು. ಹಾಗೆ ಮಾಡೋಣ ಎಂದು ಒಂದು ಕ್ಷಣ ಅನಿಸಿತು ಕೂಡ. ಅಷ್ಟರಲ್ಲಿ ಗಂಗಾಬಾಯಿ, "ನನಗೂ ತೋರಸ್ರಿ" ಎಂದು ಕುರ್ಚಿ ಎಳೆದುಕೊಂಡರು. ದೇವರು ಅವರದು. ಬೇಡ ಎನ್ನಲು ನಾನು ಯಾರು? ಜಾಗ ಬಿಟ್ಟುಕೊಟ್ಟೆ.

ಅವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಹುಣಸಿ ನಾರು," ಎಂದರು.

ಸುಜಾತಾ ತಾನಾಗಿಯೇ ಶುರುಮಾಡಿದಳು. "ನಾನೇ ಅತ್ತೆ. ಬೆಳಗ್ಗೆ ಟ್ರೈನ್‌ಗೆ ಹೋಗೋ ಮುಂಚೆ. ನೀವು ಏಳೋ ಅಷ್ಟರಲ್ಲಿ ದೀಪ, ತಟ್ಟೆ ಎಲ್ಲಾ ಹುಣಸೆಹಣ್ಣು ಹಾಕಿ ತಿಕ್ಕಿ ಇಡ್ತಿದ್ನಲ್ಲ, ಅದರ ಜೊತೆ ಮಂಟಪದಲ್ಲಿದ್ದ ದೇವರನ್ನೂ ತಿಕ್ತಿದ್ದೆ. ನಮ್ಮಮ್ಮ ಎಲ್ಲಾ ದೇವರ ಸಾಮಾನನ್ನೂ ಹಂಗೇ ಬೆಳಗ್ತಿದ್ರು. ಮಂಕಾಗ್ತಿದೆ ಅಂತ ನೀವು ಅಂದ ಮೇಲೆ ಇನ್ನೂ ಜಾಸ್ತಿ ತಿಕ್ಕಿದೆ. ಜ್ಯಾಕ್ಸನ್ ಹೈಟ್ಸ್‌ನ ಇಂಡಿಯನ್ ಅಂಗಡಿಗಳಿಗೆಲ್ಲ ಹೋಗಿ ಹಳೇ ಹುಣಸೆಹಣ್ಣೇ ಬೇಕು ಅಂತ ಹುಡುಕಿ ತಂದೆ."

"ದಿನಾ?"

"ದಿನಾ."

"ದೀಪದ ಸಾಮಾನು ಯಾವಾಗಲೂ ಹೊಳೀತಿರ್ತಾವ ಅಂತ ನಾ ನೋಡೀನಿ," ಎಂದರು ಗಂಗಾಬಾಯಿ, ಸೊಸೆಗೋ ನನಗೋ ತಿಳಿಯದ ಹಾಗೆ. "ಈ ದೇಶದಾಗ ಧೂಳಿಲ್ಲ, ಅದಕ್ಕ ಹೊಳೀತಾವ ಅಂದ್ಕೊಂಡಿದ್ದೆ."

ಅವರು ಕೈ ಚಾಚಿ ಸುಜಾತಾಳ ಬಲಗೈ ಹಿಡಿದು ಬಿಸಿಲಿಗೆ ತಿರುಗಿಸಿದರು. ಬೆರಳ ತುದಿಗಳು ಸುಲಿದು, ಉಗುರಿನ ಸಂದಿಗಳು ಕಪ್ಪಾಗಿದ್ದವು. ನಾನೂ ಆಗಲೇ ಗಮನಿಸಿದ್ದು.

"ಕಂಪ್ಯೂಟರ್ ಬಡದು ಬಡದು ಹಿಂಗಾಗ್ಯಾವ ಅಂತ ತಿಳಿದಿದ್ದೆ," ಎಂದರು.

ಸುಜಾತಾ ಅತ್ತುಬಿಟ್ಟಳು. ನಾನು ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಹುಡುಕಿದೆ. ಮೇಲೆ ಕರಗಿದ್ದು ಉಗುರಿನಷ್ಟೂ ಇಲ್ಲ, ಒಳಗೆಲ್ಲ ಮೊದಲಿನ ಹಾಗೇ ಇದೆ, ಇನ್ನು ಮೇಲೆ ನೀರು ಒಂದೇ ಸಾಕು ಎಂದೆ. ಇಬ್ಬರೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಗಂಗಾಬಾಯಿ ಹರಳನ್ನು ಒರೆಸಿ, ವಸ್ತ್ರದಲ್ಲಿ ಸುತ್ತಿ, ಡಬ್ಬಿಯೊಳಗೆ ಇಟ್ಟು, ಮುಚ್ಚಳ ಹಾಕಿದರು. ಆಮೇಲೆ ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು ಜಾಕೆಟ್ಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಊರಿನಿಂದ ಬಂದಾಗಿನಿಂದ ಅವರು ತಾವಾಗಿ ಆ ಡಬ್ಬಿಯನ್ನು ಬೇರೆಯವರ ಕೈಗೆ ಕೊಟ್ಟಿರಲಿಲ್ಲವೆಂದು ಸುಜಾತಾ ಆಮೇಲೊಮ್ಮೆ ಹೇಳಿದಳು.

ಕಾರಿನ ತನಕ ಬಿಡಲು ಹೋದೆ. ಬಿಸಿಲು ಇಳಿದು ಗಾಳಿ ತಣ್ಣಗಿತ್ತು, ಕಾಲೇಜಿನ ಹಿಂದಿನ ಕರಿಗುಡ್ಡ ನೀಲಿಗೆ ತಿರುಗಿತ್ತು. ಗಂಗಾಬಾಯಿ ಹಿಂದಿನ ಬಾಗಿಲು ದಾಟಿ ಮುಂದೆ ಹೋಗಿ, ಸೊಸೆಯ ಪಕ್ಕದ ಸೀಟಿನಲ್ಲಿ ಕೂತು, ಬೆಲ್ಟು ಹಾಕಲು ಬಾರದೆ ಒದ್ದಾಡಿದರು. ಸುಜಾತಾ ಬಗ್ಗಿ ಅದನ್ನು ಹಾಕುತ್ತಿರುವಾಗ ಅವಳ ಕಿವಿಯ ಹತ್ತಿರವೇ ಅವರು ಹೇಳಿದ್ದು ತೆರೆದ ಕಿಟಕಿಯಿಂದ ನನಗೂ ಕೇಳಿಸಿತು.

"ಸೋಮವಾರ ನಿಮ್ಮ ಸಾಹೇಬಗ ಏನೂ ಹೇಳಬ್ಯಾಡ. ಹೊತ್ತಿಗೆ ಸರಿಯಾಗಿ ಆಫೀಸಿಗೆ ಹೋಗು. ದೀಪ ಇನ್ನ ಮ್ಯಾಲೆ ನಾ ತಿಕ್ತೀನಿ."